ಗದ್ದದ ಕೂದಲು, ನೆತ್ತಿಯ ಕೂದಲು

ನನ್ನ ಗದ್ದದ ಮೇಲೆ ಎದ್ದ ಮೊದಲ ಬಿರುಸು ಕೂದಲನ್ನು ಕಂಡವಳು ಅವ್ವ. ಗಂಡಸಿನ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಳ್ಳಲು ಶುರು ಮಾಡಿ ಐದಾರು ತಿಂಗಳಾಗಿತ್ತು. ವಿಜಯಪುರದ ಒಂದು ಔಷಧದ ಅಂಗಡಿಯಲ್ಲಿ ನನ್ನ ಕೆಲಸ, ಹತ್ತಿರದಲ್ಲೇ ಬಾಡಿಗೆಯ ಕೋಣೆ. ರವಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಬಸ್ಸು ಹಿಡಿದು ತಿಕೋಟಾದ ಮನೆಗೆ ಹೋಗುವುದು ರೂಢಿ. ಆ ರವಿವಾರ ನಾನು ಹೋದಾಗ ಅವ್ವ ಪಡಸಾಲೆಯ ಬಾಗಿಲಲ್ಲಿ, ಬಿಸಿಲು ಬೀಳುವ ಜಾಗ ನೋಡಿ, ಸಣ್ಣ ಕನ್ನಡಿಯೊಂದನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ಚಿಮಟಿಗೆ. ಗದ್ದ ಮುಂದೆ ಚಾಚಿ, ಬಾಯಿ ಓರೆ ಮಾಡಿ ಏನನ್ನೋ ಹಿಡಿದು ಕೀಳುತ್ತಿದ್ದಳು.

"ಏನ್ ಮಾಡಾಕತ್ತೀ ಬೇ?" ಅಂದೆ.

"ಏನಿಲ್ಲ. ಗದ್ದಕ್ಕ ಮುಳ್ಳ ಎದ್ದಾವ. ಕೈಯಾಡಿಸಿದ್ರ ಚುಚ್ಚತಾವ. ತಿಂಗಳ ತಿಂಗಳ ಹೊರಗಾಗೂದು ನಿಂತಾಗಿಂದ ಇದೊಂದು ಹೊಸಾ ಕಾಟ." ಅಷ್ಟು ಹೇಳಿ ನನ್ನ ಮುಖವನ್ನೇ ನೋಡಿದಳು. "ತಡಿ, ಇಲ್ಲಿ ಬಾ. ಬೆಳಕಿಗೆ ಬಾ."

ಹೋಗಿ ಕುಳಿತೆ. ನನ್ನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಳು. "ನಿನಗೂ ಒಂದು ಎದ್ದೈತಲ್ಲ!" ಎಂದವಳೇ, ರೂಢಿಯ ಕೈ, ಚಿಮಟಿಗೆ ತಂದೇಬಿಟ್ಟಳು.

"ಕೀಳಬ್ಯಾಡ!" ಎಂದು ಹಿಂದಕ್ಕೆ ಹಾರಿದೆ. ಹಿಟ್ಟಿನ ಡಬ್ಬಿ ಉರುಳಿತು, ಕನ್ನಡಿ ಬೋರಲಾಯಿತು.

ಅವ್ವ ಚಿಮಟಿಗೆ ಕೆಳಗಿಟ್ಟಳು. ಆಮೇಲೆ ನಗಲು ಶುರು ಮಾಡಿದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ನಕ್ಕಳು. "ನನಗ ಬ್ಯಾಡಾದದ್ದು ಹಿಂಡಾಗಿ ಬಂದಾವ. ನಿನಗ ಬೇಕಾದದ್ದು ಒಂದ ಒಂದು. ಹಂಚಾಂವ ಹೆಂಗ ಹಂಚ್ಯಾನ ನೋಡು!"

ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ಅದಕ್ಕೇ ಈ ಕಥೆಯನ್ನು ಅಲ್ಲಿಂದ ಹೇಳಲು ಶುರು ಮಾಡಿದೆ.

ಹುಟ್ಟಿದಾಗ ನನ್ನನ್ನು ಹೆಣ್ಣೆಂದೇ ಎತ್ತಿಕೊಂಡರು. ಅಕ್ಕ ದೊಡ್ಡವಳು, ನಾನು ಸಣ್ಣವಳು. ಅಪ್ಪನ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ನಾವಿಬ್ಬರು ಹೆಣ್ಣುಮಕ್ಕಳು, ಇಷ್ಟು ಮನೆ. ಆ ಮನೆಯಲ್ಲಿ ಊರವರು ಹೊಗಳುತ್ತಿದ್ದ ವಸ್ತು ಒಂದಿದ್ದರೆ ಅದು ನನ್ನ ಜಡೆ. ಅಕ್ಕನ ಕೂದಲು ತೆಳುವು, ಭುಜದ ಕೆಳಗೆ ಇಳಿಯಲಿಲ್ಲ. ನನ್ನದು ಸೊಂಟ ದಾಟಿ ಹೋಗುತ್ತಿತ್ತು, ಎಣ್ಣೆ ಹಚ್ಚದಿದ್ದರೂ ಮಿರಿಮಿರಿ. ಶಾಲೆಗೆ ಹೋಗುವ ಮುಂಚೆ ಅವ್ವ ನನ್ನನ್ನು ಮೊಣಕಾಲ ಸಂದಿಯಲ್ಲಿ ಕೂರಿಸಿಕೊಂಡು ಹೆಣೆಯುತ್ತಿದ್ದಳು. ಹಾದುಹೋಗುವ ಹೆಂಗಸರು ನಿಂತು ಜಡೆಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು. ನನಗೆ ಅದರ ಮೇಲೆ ದ್ವೇಷವೇನೂ ಇರಲಿಲ್ಲ. ಬೇರೆ ಯಾರದೋ ಸಾಮಾನು ನನ್ನ ಬೆನ್ನಿಗೆ ಕಟ್ಟಿ, ಜೋಪಾನ ಮಾಡು ಅಂದಂತೆ ಅನಿಸುತ್ತಿತ್ತು. ಜೋಪಾನವಾಗಿಯೇ ಇಟ್ಟುಕೊಂಡಿದ್ದೆ. ಡಿ ಫಾರ್ಮಸಿ ಓದಲು ವಿಜಯಪುರಕ್ಕೆ ಬಂದಾಗಲೂ ಜಡೆ ಜೊತೆಗೇ ಬಂತು.

ಓದು ಮುಗಿದು ಅಂಗಡಿಯಲ್ಲಿ ಕೆಲಸ ಸಿಕ್ಕ ವರ್ಷ ಒಂದು ಲೇಡೀಸ್ ಪಾರ್ಲರಿಗೆ ಹೋಗಿ, ಕತ್ತರಿಸಿ ಅಂದೆ. ಅಲ್ಲಿನ ಹೆಂಗಸು ತುದಿಯನ್ನು ಹಿಡಿದು, "ಎಷ್ಟು? ಇಷ್ಟಾ?" ಎಂದು ನಾಲ್ಕು ಬೆರಳು ತೋರಿಸಿದಳು. ನಾನು ಕುತ್ತಿಗೆ ತೋರಿಸಿದೆ.

"ಮನಿಯಾಗ ಕೇಳಿ ಬಂದೀಯೇನವ್ವಾ? ಆಮ್ಯಾಲ ನಿಮ್ಮವ್ವ ಬಂದು ನನ್ನ ಕೂಡ ಜಗಳಾಡಿದ್ರ?"

"ನಾ ದುಡದು ತಿನ್ನಾಕಿ ಅದೀನ್ರಿ. ಯಾರೂ ಬರೂದಿಲ್ಲ."

ಅವಳು ಒಲ್ಲದ ಮನಸ್ಸಿನಿಂದ ಜಡೆಯ ಬುಡಕ್ಕೊಂದು ತುದಿಗೊಂದು ರಬ್ಬರ್ ಬ್ಯಾಂಡ್ ಹಾಕಿ, ಬುಡದ ಬ್ಯಾಂಡಿನ ಮೇಲೆ ಕತ್ತರಿ ಆಡಿಸಿದಳು. ಅಷ್ಟು ದಪ್ಪದ ಜಡೆ ಒಂದೇ ಸಲಕ್ಕೆ ತುಂಡಾಗಲಿಲ್ಲ, ಸೊಪ್ಪಿನ ಸಿವುಡು ಕೊಯ್ದ ಹಾಗೆ ಕರಕರ ಕೊಯ್ಯಬೇಕಾಯಿತು. ತಲೆ ಹಗುರಾಗಿ ಮುಂದಕ್ಕೆ ವಾಲಿತು. ಅವಳು ಜಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಟ್ಟು, "ಇದನ್ನ ಒಗೀಬ್ಯಾಡ, ಅವ್ವಗ ಕೊಡು" ಎಂದಳು. ಕೊಟ್ಟೆ. ಅವ್ವ ಅದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದಳು. ಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ನಾನು ಗಂಡು ಎಂಬ ಮಾತನ್ನು ಮೊದಲು ಹೇಳಿದ್ದು ಅಕ್ಕನಿಗೆ. ಅವಳು ಆಗಲೇ ಮದುವೆಯಾಗಿ ಬಬಲೇಶ್ವರದಲ್ಲಿದ್ದಳು. ಅಕ್ಕ ಅವ್ವನಿಗೆ ಹೇಳಿದಳು, ಅವ್ವ ಅಪ್ಪನಿಗೆ. ನಮ್ಮ ಕಡೆ ಗಂಡು ಹೆಣ್ಣಾಗುವುದು ಜನಕ್ಕೆ ಗೊತ್ತು. ಅವರಿಗೊಂದು ದೇವಿ ಇದ್ದಾಳೆ, ಹೆಸರಿದೆ, ಮನೆ ಬಾಗಿಲಿಗೆ ಬಂದರೆ ಹಾಕಬೇಕಾದ ಜೋಳ ಇದೆ. ಹೆಣ್ಣು ಗಂಡಾಗುವುದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ಬೈಯುವುದಾದರೂ ಹೇಗೆ? ಅಪ್ಪ ಬೈಯಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಅವನಿಗೆ ನಮ್ಮ ಮಾತೇ ಒಂದು ದಾರಿ ಮಾಡಿಕೊಟ್ಟಿತು. ನಮ್ಮ ಮನೆಯಲ್ಲಿ ಮಕ್ಕಳನ್ನು 'ಅದು' ಎಂದೇ ಕರೆಯುವ ರೂಢಿ. "ಸಣ್ಣದು ಬಂದೈತಿ, ಊಟಕ್ಕ ಹಾಕು" ಎಂದು ಅಪ್ಪ ನಾನು ಮೂರನೇ ಇಯತ್ತೆಯಲ್ಲಿದ್ದಾಗಲೂ ಹೇಳುತ್ತಿದ್ದ, ನನ್ನ ದನಿ ಒಡೆದ ಮೇಲೂ ಹೇಳಿದ. ಬಂದಾಳ ಅನ್ನಬೇಕೋ ಬಂದಾನ ಅನ್ನಬೇಕೋ ಎಂಬ ಕಷ್ಟವನ್ನು ಅವನು ತೆಗೆದುಕೊಳ್ಳಲೇ ಇಲ್ಲ. ಇವತ್ತಿಗೂ ನಾನು ಸಣ್ಣದು. ಮೂವತ್ತು ದಾಟಿದೆ, ಗಡ್ಡ ಇದೆ, ಆದರೂ ಸಣ್ಣದು ಬಂದೈತಿ. ನನಗೆ ಅದರಿಂದ ಬೇಜಾರಿಲ್ಲ.

ಮಾನಸಿಕ ತಜ್ಞರನ್ನು ಕಂಡು, ಅವರ ಅಭಿಪ್ರಾಯ ತೆಗೆದುಕೊಂಡು, ಹಾರ್ಮೋನಿನ ಡಾಕ್ಟರರ ಹತ್ತಿರ ಹೋದದ್ದು ಸೊಲ್ಲಾಪುರದಲ್ಲಿ. ವಯಸ್ಸಾದವರು, ಮಾತು ನೆಟ್ಟಗೆ. ದನಿ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಇಳಿದ ದನಿ ಮತ್ತೆ ಏರುವುದಿಲ್ಲ ಅಂದರು. ತೊಡೆ, ಹೊಟ್ಟೆಯ ಮೇಲೆ ಕೂದಲು ಬರುತ್ತದೆ. ಗಡ್ಡಕ್ಕೆ ಅವಸರ ಮಾಡಬಾರದು, ಅದು ತುಂಬಲು ವರ್ಷಗಳೇ ಬೇಕು. ಹದಿನಾಲ್ಕರ ಹುಡುಗನಿಗೂ ಒಂದೇ ದಿನ ಗಡ್ಡ ಬರುವುದಿಲ್ಲ ಅಂದರು. ರಕ್ತ ಆಗಾಗ ಪರೀಕ್ಷೆ ಮಾಡಿಸಬೇಕು. ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು:

"ನಿಮ್ಮ ಮನೆತನದಾಗ ಗಂಡಸರ ತಲಿ ಹೆಂಗದಾವ?"

"ಅಪ್ಪಂದು ಪೂರ್ತಿ ಬೋಳು ಸರ್. ಅಜ್ಜಂದೂ ಹಂಗ ಇತ್ತಂತ."

"ಅವ್ವನ ಕಡೆ? ಸೋದರಮಾವ್ರು?"

"ಇಬ್ಬರು. ಇಬ್ಬರದೂ ನೆತ್ತಿ ಖಾಲಿ."

ಅವರು ನಕ್ಕರು. "ಹಂಗಾರ ನಾ ಈಗ ಹೇಳಿಬಿಡೂದು ಛಲೋ. ಗದ್ದಕ್ಕ ಬರೂದು, ನೆತ್ತಿಯಿಂದ ಹೋಗೂದು, ಎರಡೂ ಇದ ಔಷಧದ ಕೆಲಸ. ಒಂದ ಬೇಕು, ಇನ್ನೊಂದ ಬ್ಯಾಡ ಅಂದ್ರ ನಡಿಯೂದಿಲ್ಲ."

ಔಷಧದ ಅಂಗಡಿಯವನಾದ ನನಗೆ ಇದು ಹೊಸ ವಿಷಯವಲ್ಲ. ಗಂಡಸಿನ ಹಾರ್ಮೋನು ಮೈಯೊಳಗೆ ಇನ್ನೂ ಚುರುಕಾದ ಒಂದು ರೂಪಕ್ಕೆ ತಿರುಗುತ್ತದೆ. ಗದ್ದದ ಕೂದಲಿನ ಬೇರು ಅದು ತಾಗಿದರೆ ಎಚ್ಚರವಾಗುತ್ತದೆ, ಮೆತ್ತನೆ ನವಿರು ಕಪ್ಪಾಗಿ ದಪ್ಪವಾಗುತ್ತದೆ. ಹಣೆಯ ಎರಡು ಮೂಲೆ ಮತ್ತು ನಡುನೆತ್ತಿಯ ಬೇರು ಅದೇ ತಾಗಿ ಸೊರಗುತ್ತದೆ, ಬರಬರುತ್ತ ಎಳೆ ಸಣ್ಣದಾಗಿ ಕೊನೆಗೆ ಬರುವುದೇ ನಿಲ್ಲುತ್ತದೆ. ಯಾರ ಬೇರು ಎಷ್ಟು ಸೊರಗಬೇಕೆಂಬುದು ಹುಟ್ಟುವಾಗಲೇ ಹಿರಿಯರಿಂದ ಬಂದಿರುತ್ತದೆ. ಗೊತ್ತಿದ್ದ ವಿಷಯವೇ. ಆದರೆ ಗಿರಾಕಿಗೆ ಹೇಳುವುದು ಬೇರೆ, ತನ್ನ ತಲೆಗೇ ಕೇಳಿಸಿಕೊಳ್ಳುವುದು ಬೇರೆ. "ಆಗಲಿ ಸರ್, ಹೋದ್ರ ಹೋಗ್ಲಿ" ಎಂದೆ. ಆಗ ಇನ್ನೂ ತಲೆ ತುಂಬ ಕೂದಲಿತ್ತು, ಧಾರಾಳ ಮಾತು ಸುಲಭವಾಗಿ ಬಂತು.

ಮೊದಲು ಬಂದದ್ದು ಮೊಡವೆ. ಮುಖ ಬೆನ್ನು ಎಲ್ಲ ಎಣ್ಣೆಯೆಣ್ಣೆ. ಆಮೇಲೆ ತೊಡೆಯ ಮೇಲೆ, ಹೊಕ್ಕುಳ ಕೆಳಗೆ ಕಪ್ಪು ಕೂದಲು. ಅವ್ವ ಕಂಡ ಗದ್ದದ ಆ ಒಂದು ಕೂದಲಿಗೆ ಜೊತೆ ಸಿಗಲು ಬಹಳ ಕಾಲ ಹಿಡಿಯಿತು. ಗದ್ದದ ಕೆಳಗೆ ಒಂದಿಷ್ಟು, ಕಿವಿಯ ಪಕ್ಕ ಒಂದಿಷ್ಟು, ಕೆನ್ನೆ ಪೂರ್ತಿ ಖಾಲಿ. ಮಳೆ ಸರಿಯಾಗಿ ಆಗದ ಹೊಲದಲ್ಲಿ ಅಲ್ಲಲ್ಲಿ ಮೊಳಕೆ ಎದ್ದ ಹಾಗೆ. ಬೋಳಿಸಿದರೆ ದಟ್ಟ ಬರುತ್ತದೆ ಎಂದು ಎಲ್ಲ ಹುಡುಗರೂ ನಂಬುವುದನ್ನು ನಾನೂ ನಂಬಿದೆ. ಓದಿದ ಪುಸ್ತಕದಲ್ಲಿ ಸುಳ್ಳೆಂದು ಬರೆದಿತ್ತು, ಆದರೂ ದಿನಾ ಬೋಳಿಸಿದೆ.

ಆ ವರ್ಷಗಳಲ್ಲಿ ಜನ ನನ್ನನ್ನು ಹುಡುಗನೆಂದೇ ತಿಳಿಯುತ್ತಿದ್ದರು. ಅಂಗಡಿಗೆ ಬಂದವರು ಮಾತ್ರೆಯ ಚೀಟಿ ಚಾಚಿ, "ಲೇ ತಮ್ಮಾ, ನಿಮ್ಮ ಮಾಲಕರಿಲ್ಲೇನು? ದೊಡ್ಡವರ ಕೈಯಾಗ ಕೊಡು" ಅನ್ನುತ್ತಿದ್ದರು. ಮಾಲೀಕರು ಒಳಗಿಂದಲೇ, "ಅಂವನ ಕೊಡತಾನ, ಅವಗ ಗೊತ್ತೈತಿ" ಎಂದು ಕೂಗುತ್ತಿದ್ದರು. ನನ್ನ ವಿಷಯ ಅವರಿಗೆ ಮೊದಲೇ ಹೇಳಿದ್ದೆ. ಲೆಕ್ಕ ಸರಿ ಇರಬೇಕು, ಗಿರಾಕಿ ಸಿಟ್ಟಾಗಬಾರದು, ಬಾಕಿ ನಿನ್ನ ಮನಿ ವಿಷಯ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಅವ್ವನಿಗೆ ಅದೇ ಕಾಲಕ್ಕೆ ಕೂದಲು ಉದುರಲು ಶುರುವಾಯಿತು. ಗದ್ದಕ್ಕೆ ಬಂದದ್ದೂ ನೆತ್ತಿಯಿಂದ ಹೋದದ್ದೂ ಒಂದೇ ಕಾರಣಕ್ಕೆ ಎಂದು ವಿವರಿಸಿದೆ. "ಹೆಣ್ಣಿನ ಮೈಯಾಗೂ ಗಂಡಸಿನ ಹಾರ್ಮೋನ ಸ್ವಲ್ಪ ಇರತೈತಿ. ಹೆಣ್ಣಿಂದು ಕಡಿಮಿ ಆತಂದ್ರ ಅದರ ಕೈ ಮ್ಯಾಲಾಗತೈತಿ. ನಿನಗ ತಾನ ಆಗೈತಿ, ನಾ ಹೊರಗಿಂದ ಹಾಕ್ಕೊಳ್ಳಾಕತ್ತೇನಿ, ಅಷ್ಟ."

"ಅಂದ್ರ ನಾನೂ ಗಂಡಸಾಗಾಕತ್ತೇನೇನು?"

"ಇಲ್ಲ ಬೇ."

"ಆದ್ರ ಛಲೋನ ಇತ್ತು. ನಿಮ್ಮಪ್ಪಗ ಒಂದೀಟು ಜೋರ ಮಾಡಬಹುದಿತ್ತು."

ಒಂದು ಮದುವೆಗೆ ಹೊರಡುವ ದಿನ ಅವ್ವ ಟ್ರಂಕಿನ ಬೀಗ ತೆಗೆದಳು. ನನ್ನ ಜಡೆಯನ್ನು ಹೊರಗೆ ತೆಗೆದು, ಸೀಗೆಕಾಯಿಯಲ್ಲಿ ತೊಳೆದು ಒಣಗಿಸಿ, ಬುಡಕ್ಕೆ ಕಪ್ಪು ದಾರ ಸುತ್ತಿ ಚೌರಿ ಮಾಡಿಕೊಂಡಳು. ಉದುರಿ ತೆಳುವಾದ ಕೂದಲಿಗೆ ಸೇರಿಸಿ ಹೆಣೆಯುವ ಗಂಟಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಅವಳ ಕೂದಲಿಗೆ ನನ್ನದು ಎಷ್ಟು ಸರಿಯಾಗಿ ಕೂತಿತೆಂದರೆ ಕೂಡಿಸಿದ ಜಾಗವೇ ಕಾಣಲಿಲ್ಲ. ಮದುವೆಯಿಂದ ಬಂದವಳು ಸೀರೆ ಬಿಚ್ಚುವ ಮೊದಲೇ ಹೇಳಿದಳು:

"ಎಲ್ಲಾರೂ ಕೇಳಿದ್ರು, ಈ ವಯಸ್ಸಿನ್ಯಾಗೂ ಜಡಿ ಹೆಂಗ ಇಟ್ಟೀರಿ ಅಂತ. ನಾ ಏನ್ ಹೇಳ್ಲಿ? ನನ್ನ ಮಗನ ಕೂದಲರಿ ಅನ್ನಾಕ ಬರತೈತೇನು?"

ಮಗ ಎಂದು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಆಡಿದವಳಿಗೆ ಗೊತ್ತಾದಂತೆ ಕಾಣಲಿಲ್ಲ. ನಾನೂ ಗುರುತು ಹಿಡಿದಂತೆ ತೋರಿಸಿಕೊಳ್ಳಲಿಲ್ಲ. ಹಿಡಿದು ತೋರಿಸಿದರೆ ವಾಪಸು ತೆಗೆದುಕೊಂಡಾಳು ಎಂಬ ಹೆದರಿಕೆ.

ಮೂರನೇ ವರ್ಷದ ಕೊನೆಗೆ ನನ್ನ ತಲೆಯ ಸರದಿ ಬಂತು. ದಿಂಬಿನ ಮೇಲೆ ಕೂದಲು, ಸ್ನಾನದ ಮೋರಿಯಲ್ಲಿ ಕೂದಲು. ಹಣೆಯ ಎರಡು ಮೂಲೆ ನಿಧಾನವಾಗಿ ಹಿಂದೆ ಸರಿದವು. ಕನ್ನಡಿಯಲ್ಲಿ ಗಡ್ಡ ನೋಡಿ ಖುಷಿಪಡುತ್ತಿದ್ದ ಕಣ್ಣು ಈಗ ಮೇಲಕ್ಕೇ ಹೋಗುತ್ತಿತ್ತು. ಸೊಲ್ಲಾಪುರದ ಡಾಕ್ಟರಿಗೆ ಕೇಳಿದೆ. ಉದುರುವುದನ್ನು ತಡೆಯುವ ಮಾತ್ರೆ ಇದೆ, ಆದರೆ ಅದು ಹಾರ್ಮೋನಿನ ಆ ಚುರುಕು ರೂಪವನ್ನೇ ಕಟ್ಟಿಹಾಕುವುದರಿಂದ ಇನ್ನೂ ತುಂಬದ ಗಡ್ಡವೂ ನಿಧಾನವಾಗಬಹುದು ಅಂದರು. ನೆತ್ತಿಗೆ ಹಚ್ಚುವ ಲೋಷನ್ ಬೇಕಾದರೆ ಹಚ್ಚಿ, ನಿಲ್ಲಿಸಿದ ಮೇಲೆ ಬಂದದ್ದು ಮತ್ತೆ ಹೋಗುತ್ತದೆ. ಇಂಜೆಕ್ಷನ್ನೇ ನಿಲ್ಲಿಸಿದರೆ ಉದುರುವುದು ನಿಂತೀತು, ಹೋದದ್ದು ಪೂರ್ತಿ ತಿರುಗಿ ಬರುತ್ತದೆಂಬ ಭರವಸೆ ಇಲ್ಲ. ಅದನ್ನು ನಿಲ್ಲಿಸುವ ಮಾತು ನನ್ನಲ್ಲಿ ಹುಟ್ಟಲಿಲ್ಲ. ಮಾತ್ರೆಯೂ ಬೇಡ, ಕೆನ್ನೆ ತುಂಬಲಿ ಎಂದು ಬಿಟ್ಟೆ. ಲೋಷನ್ನಿನ ಬಾಟಲಿಯೊಂದನ್ನು ಮನೆಗೆ ಒಯ್ದೆ.

ಬಾಟಲಿ ಅಪ್ಪನ ಕಣ್ಣಿಗೆ ಬಿತ್ತು. ಅದೇನೆಂದು ಅವ್ವ ಹೇಳಿರಬೇಕು. ಮರುದಿನ ಅವನು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದ. ಕಾಯಿ ಕಟ್ಟುವ ಕಾಲ. ಆಳುಗಳು ಗೊಂಚಲುಗಳನ್ನು ಒಂದೊಂದಾಗಿ ಔಷಧದ ನೀರಿನ ಡಬ್ಬಿಯಲ್ಲಿ ಅದ್ದಿ ಅದ್ದಿ ಬಿಡುತ್ತಿದ್ದರು. ಅಪ್ಪ ಚಪ್ಪರದ ನೆರಳಲ್ಲಿ ಕುಳಿತು, ತಲೆಗೆ ಸುತ್ತಿದ ಟಾವೆಲ್ಲನ್ನು ಬಿಚ್ಚಿದ. ಹೊರಗಿನವರ ಮುಂದೆ ಅವನು ಅದನ್ನು ಬಿಚ್ಚಿದವನಲ್ಲ.

"ನನಗ ಇಪ್ಪತ್ತೆಂಟಕ್ಕ ಶುರು ಆತು," ಎಂದ. "ಮೊದಲ ಈ ಮೂಲಿ, ಆಮ್ಯಾಲ ಹಿಂದ ಒಂದು ರೂಪಾಯಿಯಷ್ಟು. ಎರಡೂ ಕೂಡಿದ್ವು ಅಂದ್ರ ಮುಗೀತು. ನಿಮ್ಮ ಅಜ್ಜಂದೂ ಹಂಗ."

ನನ್ನದೂ ಅದೇ ದಾರಿಯಲ್ಲಿ ಹೊರಟಿದೆ ಎಂದು ತಲೆ ಬಗ್ಗಿಸಿ ತೋರಿಸಿದೆ. ಅವನು ಬೆರಳಿಟ್ಟು ನೋಡಿದ. ದೊಡ್ಡವನಾದ ಮೇಲೆ ಅಪ್ಪ ನನ್ನ ತಲೆ ಮುಟ್ಟಿದ ನೆನಪಿಲ್ಲ.

"ಬರೂದು ಹೋಗೂದು ಎರಡೂ ಒಂದ ಔಷಧಕ್ಕ ಅಂತಲ್ಲ? ನಿಮ್ಮವ್ವ ಹೇಳಿದ್ಲು. ಇಲ್ಲೂ ಹಂಗ ಐತಿ. ಇದನ್ನ ಹೂವಿದ್ದಾಗ ಹೊಡದ್ರ ಹೂವ ಉದರತಾವ. ಕಾಯಿ ಹಿಡದ ಮ್ಯಾಲ ಅದ್ದಿದ್ರ ಉಬ್ಬತಾವ. ಎರಡಕ್ಕೂ ಔಷಧ ಒಂದ." ಟಾವೆಲ್ ಕೊಡವುತ್ತ ಕೇಳಿದ: "ಆ ಬಾಟ್ಲಿದು ಹಚ್ಚಿದ್ರ ನನಗ ಬರತಾವೇನು?"

"ಇಲ್ಲಪ್ಪಾ. ನಿಂದು ಬೇರ ಮುಚ್ಚಿ ಎಷ್ಟ ವರ್ಷಾತು."

"ಹಂಗಾರ ಬ್ಯಾಡ ಬಿಡು." ಟಾವೆಲ್ ಸುತ್ತಿಕೊಂಡು ಆಳುಗಳ ಕಡೆ ನಡೆದ. ನಮ್ಮಿಬ್ಬರ ನಡುವೆ ನನ್ನ ವಿಷಯವಾಗಿ ನಡೆದ ದೀರ್ಘ ಮಾತುಕತೆ ಅಂದರೆ ಇದೊಂದೇ.

ಕೂದಲು ಹೋಗುತ್ತಿದ್ದಂತೆ ಇನ್ನೊಂದು ಆಯಿತು. ಅಂಗಡಿಯಲ್ಲಿ ನನ್ನನ್ನು ತಮ್ಮಾ ಎನ್ನುವುದು ನಿಂತಿತು. ಬಸ್ಸಿನಲ್ಲಿ ಕಂಡಕ್ಟರ್ "ಸ್ವಲ್ಪ ಹಿಂದ ಸರೀರಿ ಕಾಕಾ" ಎಂದ. ಗಡ್ಡದಿಂದ ಆಗದ ಕೆಲಸವನ್ನು ಬೋಳು ಹಣೆ ಮಾಡಿತ್ತು. ಒಬ್ಬ ಗಿರಾಕಿಯಂತೂ ಕೂದಲು ಬರುವ ಔಷಧ ಕೇಳಿ, ನಾನು ಕೊಡಲು ಹೋದರೆ ನನ್ನ ತಲೆ ನೋಡಿ, "ನಿಮಗ ಬರಲಿಲ್ಲಂದ್ರ ನನಗೇನ್ ಬರತಾವ್ರಿ" ಎಂದು ಹಾಗೇ ಹೋದ. ಮಾಲೀಕರು ಆ ದಿನವೆಲ್ಲ ನಕ್ಕರು.

ಅಕ್ಕನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಗಂಡುಮಗು ಆಯಿತು. ಮಗುವಿನ ಜಾವಳ, ಅಂದರೆ ಹುಟ್ಟುಗೂದಲು ತೆಗೆಸುವುದು, ಕಾಖಂಡಕಿಯಲ್ಲಿರುವ ಅವರ ಮನೆದೇವರ ಗುಡಿಯಲ್ಲಿ ಆಗಬೇಕೆಂದು ಗೊತ್ತಾಯಿತು. ಜಾವಳಕ್ಕೆ ಸೋದರಮಾವ ಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆಗೆ ಕತ್ತರಿ ಹಾಕುವವನು ಅವನೇ. ಅಕ್ಕನ ಅತ್ತೆ, ನಾನು ಅಣ್ಣ ಎನ್ನುವ ನಮ್ಮ ದೊಡ್ಡಪ್ಪನ ಮಗನನ್ನು ಕರೆಯಿರಿ ಅಂದರಂತೆ. ಮುಂದೆ ನಡೆದದ್ದನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು.

"ಸ್ವಂತ ತಮ್ಮ ಇದ್ದಾಗ ಅವನ್ಯಾಕ ಅತ್ಯಾರ?" ಎಂದಿದ್ದಳು ಅಕ್ಕ.

"ನಿನ್ನ ನೋಡಾಕ ಬಂದಾಗ ಇಬ್ಬರೂ ಹೆಣ್ಮಕ್ಕಳ ಅಂತ ಹೇಳಿದ್ರಿ. ಈಗ ತಮ್ಮ ಎಲ್ಲಿಂದ ಬಂದ?"

"ಇದ್ದ ತಂಗೀನ ತಮ್ಮ ಆಗ್ಯಾನರಿ."

"ದೇವರ ಕೆಲಸವ್ವಾ. ನಾಳೆ ಕೂಸಿಗೆ ಒಂದು ಹೆಚ್ಚು ಕಡಿಮಿ ಆದ್ರ ಮಂದಿ ಇದನ್ನ ಎತ್ತಿ ಆಡತಾರ."

ನಾನು ಅಕ್ಕನಿಗೆ, ಜಗಳ ಬೇಡ, ಅಣ್ಣನೇ ಕೂಡಲಿ ಎಂದೆ. ನಿಜ ಹೇಳಬೇಕೆಂದರೆ ಕೂಡುವ ಆಸೆ ನನಗೇ ಇತ್ತು. ಹದಿನೈದು ದಿನಕ್ಕೊಮ್ಮೆ ಬಬಲೇಶ್ವರಕ್ಕೆ ಹೋಗಿ ಆ ಮಗುವನ್ನು ಆಡಿಸಿ ಬರುತ್ತಿದ್ದವನು ನಾನು. ಅಕ್ಕ ಒಪ್ಪಲಿಲ್ಲ. ಕಡೆಗೆ ಅವಳ ಗಂಡ ನಡುವೆ ಬಂದು, ಇಬ್ಬರೂ ಬರಲಿ, ಅಲ್ಲಿ ನೋಡೋಣ ಎಂದ.

ಗುಡಿಯ ಮುಂದಿನ ಬೇವಿನ ನೆರಳಲ್ಲಿ ಕಂಬಳಿ ಹಾಸಿದ್ದರು. ಅಣ್ಣ ಹೊಸ ಬಿಳಿ ಅಂಗಿ ತೊಟ್ಟು ಬಂದು ಕುಳಿತ. ಮಗುವನ್ನು ತೊಡೆಯ ಮೇಲಿಟ್ಟರು. ಗುರುತಿಲ್ಲದ ಮುಖ, ದೊಡ್ಡ ಮೀಸೆ. ಮಗು ಒಂದು ಸಲ ಮೇಲೆ ನೋಡಿ ಹೌಹಾರಿ ಚೀರಿತು. ಅಕ್ಕ ಸಮಾಧಾನ ಮಾಡಿದಳು, ಅವ್ವ ಗಿಲಕಿ ಆಡಿಸಿದಳು. ಮೈಯನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಅತ್ತು ಅತ್ತು ಕೊನೆಗೆ ಅಣ್ಣನ ಹೊಸ ಅಂಗಿಯನ್ನು ಪೂರ್ತಿ ತೋಯಿಸಿಬಿಟ್ಟಿತು.

"ತಗೋಳೋ ಮಾರಾಯಾ ನಿನ್ನ ಅಳಿಯನ್ನ," ಎಂದು ಅಣ್ಣ ಎದ್ದು ನನ್ನ ಕೈಗೆ ಹಾಕಿದ. "ನನ್ನ ಕೈಲೆ ಆಗೂದಿಲ್ಲ."

ನಾನು ಕುಳಿತೆ. ಮಗು ಬಿಕ್ಕುತ್ತಲೇ ನನ್ನ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿಯಿತು. ನಾನು ಹೋದಾಗಲೆಲ್ಲ ಅದೇ ಅದರ ಆಟ. ಹಿಡಿದು ಎಳೆಯಿತು, ನನ್ನ ಕಣ್ಣಲ್ಲಿ ನೀರು ಬಂತು, ಮಗು ಸುಮ್ಮನಾಯಿತು.

ಕ್ಷೌರದವರು ಕತ್ತರಿ ವೀಳ್ಯದೆಲೆ ಹಿಡಿದುಕೊಂಡು ಸುತ್ತ ನೋಡಿ, "ಸೋದರಮಾವ ಯಾರ್ರಿ?" ಅಂದರು.

ಅಪ್ಪ ಗುಡಿಯ ಕಡೆ ಮುಖ ಮಾಡಿದ್ದ. ಅಕ್ಕ ಬಾಯಿ ತೆರೆಯುವ ಮೊದಲೇ ಅವಳ ಅತ್ತೆ, "ಕುಂತಾನಲ್ಲ, ಇಂವನ. ಇವನ ಕೈಯಾಗ ಕೊಡ್ರಿ" ಅಂದರು.

ಎಲೆಯ ನಡುವೆ ಒಂದು ಎಳೆ ಸೇರಿಸಿ ಹಿಡಿದರು. ನಾನು ಕತ್ತರಿಸಿದೆ. ಹುಟ್ಟುಗೂದಲು ಎಷ್ಟು ನವಿರೆಂದರೆ ಕತ್ತರಿಗೆ ಎಲೆ ಸಿಕ್ಕಿದ್ದು ಗೊತ್ತಾಯಿತು, ಕೂದಲು ಸಿಕ್ಕಿದ್ದು ಗೊತ್ತಾಗಲಿಲ್ಲ. ಬಾಕಿಯದನ್ನು ಕ್ಷೌರದವರು ತೆಗೆದರು. ಅಷ್ಟು ಹೊತ್ತೂ ಮಗು ಗಡ್ಡ ಬಿಡಲಿಲ್ಲ.

ಊಟಕ್ಕೆ ಮುಂಚೆ ಆಹೇರಿ, ಬೀಗರು ಕೊಡುವ ಉಡುಗೊರೆ. ನಮ್ಮಲ್ಲಿ ಹೆಂಗಸರಿಗೆ ಕುಪ್ಪಸದ ಕಣ, ಗಂಡಸರಿಗೆ ಟಾವೆಲ್ ಟೋಪಿ. ಅಕ್ಕನ ಅತ್ತೆಯ ತಾಟಿನಲ್ಲಿ ಎರಡೂ ಇದ್ದವು. ನನ್ನ ಮುಂದೆ ಬಂದಾಗ ಅವರು ತಡವರಿಸಲಿಲ್ಲ. ಟಾವೆಲ್ಲನ್ನು ಹೆಗಲಿಗೆ ಹಾಕಿ, ಟೋಪಿಯನ್ನು ತಲೆಗಿಟ್ಟು ಕುಂಕುಮ ಹಚ್ಚಿದರು. ಕಾಲಿಗೆ ಎರಗಿದೆ. ಎಬ್ಬಿಸುತ್ತ ನನಗಷ್ಟೇ ಕೇಳುವಂತೆ, "ನನ್ನ ಮನಸ್ಸಿಗೆ ಇನ್ನೂ ಪೂರ್ತಿ ಕೂಡಿಲ್ಲಪ್ಪಾ. ಸುಳ್ಳ ಹೇಳೂದಿಲ್ಲ. ಆದ್ರ ಕೂಸು ನಿನ್ನ ಹತ್ರ ಅಳಲಿಲ್ಲ" ಅಂದರು.

"ಇಷ್ಟ ಸಾಕ್ರಿ ಅತ್ಯಾರ" ಅಂದೆ. ಅಂದು ನಿಜವಾಗಿಯೂ ಸಾಕೆನಿಸಿತ್ತು. ಅವರು ಈಗಲೂ ಒಮ್ಮೊಮ್ಮೆ ನನ್ನ ವಿಷಯ ಹೇಳುವಾಗ ಬಂದಿದ್ಲು ಅಂದು, ನಾಲಿಗೆ ಕಚ್ಚಿಕೊಂಡು, ಬಂದಿದ್ದ ಅನ್ನುತ್ತಾರಂತೆ.

ಇದೆಲ್ಲ ಆಗಿ ಎರಡು ವರ್ಷ. ಕೆನ್ನೆ ತುಂಬಿದೆ. ಹಣೆಯ ಮೂಲೆಗಳೂ ಹಿಂದಿನ ರೂಪಾಯಿಯೂ ಅಪ್ಪ ಹೇಳಿದಂತೆ ಕೂಡುವ ಹಾದಿಯಲ್ಲಿವೆ. ಲೋಷನ್ ಹಚ್ಚುವುದು ಬಿಟ್ಟಿದ್ದೇನೆ. ದಿನಕ್ಕೆರಡು ಸಲದ ಆ ರಗಳೆ ನನ್ನಿಂದಾಗಲಿಲ್ಲ. ಈ ಬೇಸಿಗೆಯಲ್ಲಿ, ಉಳಿದ ನಾಲ್ಕು ಕೂದಲಿಗೆ ಬೆವರೇ ಹೆಚ್ಚು, ಪೂರ್ತಿ ಬೋಳಿಸಿಬಿಡುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದೆ. ವಿಜಯಪುರದ ನನ್ನ ವಯಸ್ಸಿನ ಬಹಳ ಗಂಡಸರು ಹಾಗೆ ಮಾಡಿಸಿಕೊಂಡಿದ್ದಾರೆ, ಚೆಂದವೂ ಕಾಣುತ್ತದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನಂದಿ? ಅಪ್ಪ ಅವ್ವ ಇಬ್ಬರೂ ಗಟ್ಟಿಮುಟ್ಟ ಕುಂತೀವಿ, ನೀ ತಲಿ ಬೋಳಿಸ್ತೀಯಾ?"

"ಈಗ ಎಲ್ಲಾರೂ ಬೋಳಸ್ತಾರ ಬೇ. ಫ್ಯಾಷನ್ ಅದು."

"ಎಲ್ಲಾರ ಮಾತ ನನಗ ಬ್ಯಾಡ. ನಾವು ಸತ್ತ ಮ್ಯಾಲ ಬೋಳಿಸ್ಕೋ. ಅದು ಮಗನ ಕೆಲಸ, ನೀನ ಮಾಡಬೇಕು. ಅಲ್ಲೀತನಕ ತಲಿಗೆ ಬ್ಲೇಡ್ ಮುಟ್ಟಿಸಿದ್ರ ನೋಡು."

ಅಪ್ಪ ತಲೆ ಎತ್ತದೆ, ರೊಟ್ಟಿ ಮುರಿಯುತ್ತ, "ನಿಮ್ಮವ್ವ ಹೇಳೂದು ಖರೇ ಐತಿ" ಎಂದ.

ಊಟ ಮುಗಿಸಿ ಸಂಜೆಯ ಬಸ್ಸಿಗೆ ವಿಜಯಪುರಕ್ಕೆ ಬಂದೆ. ಕೋಣೆಗೆ ಹೋಗುವ ದಾರಿಯಲ್ಲಿ ಕಟಿಂಗ್ ಅಂಗಡಿ ಇನ್ನೂ ತೆರೆದಿತ್ತು. ಒಳಗೆ ಹೋಗಿ ಕುರ್ಚಿಯ ಮೇಲೆ ಕುಳಿತು, ಬ್ಲೇಡ್ ಬೇಡ, ಮಷಿನ್ ಹಾಕಿ ಸಣ್ಣಗೆ ಮಾಡಿ ಸಾಕು ಎಂದೆ.